ಎಣಿಕೆಯ ಹೊರಗುಳಿದ ನೆರೆಮನೆ

(ಪೀಣ್ಯದಲ್ಲಿ ಕುಟುಂಬಗಳಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಜನಗಣತಿಯ ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡರು. ಜನಸಂಖ್ಯೆಯೆಂದರೆ ನಮ್ಮ ದೇಶದಲ್ಲಿ ಹೆಚ್ಚಳದ ಮಾತೇ ಹೆಚ್ಚು. ಯಾರ ಸಂಖ್ಯೆ ಏರುತ್ತಿದೆ, ಎಷ್ಟು ಏರುತ್ತಿದೆ ಎಂಬುದನ್ನೇ ಹಿಡಿದು ರಾಜಕಾರಣ ನಡೆಸುವವರಿಗೂ ಕೊರತೆಯಿಲ್ಲ. ಆದರೆ ಇಂದು ನಾವು ಜನಸಂಖ್ಯೆ ಇಳಿದ ಊರುಗಳಿಂದ ಮಾತು ಆರಂಭಿಸಲು ಬಯಸುತ್ತೇವೆ. ಒಂದು ಊರಿನ ಸಂಖ್ಯೆ ಇಳಿದಾಗ ಅಲ್ಲಿನ ಜನ ಎಲ್ಲಿಗೆ ಹೋದರು ಎಂದು ಕೇಳುವವರು ವಿರಳ.

ಅಮೆರಿಕದ ಡೆಟ್ರಾಯಿಟ್ ಒಂದು ಕಾಲದಲ್ಲಿ ಮೋಟಾರು ಉದ್ಯಮದ ರಾಜಧಾನಿಯೆನಿಸಿತ್ತು. 1950ರ ಗಣತಿಯಲ್ಲಿ ಅಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2010ರ ಗಣತಿಯ ಹೊತ್ತಿಗೆ ಉಳಿದವರು ಸುಮಾರು 7.14 ಲಕ್ಷ ಮಾತ್ರ. ಕಾರ್ಖಾನೆಗಳು ಬೇರೆಡೆಗೆ ಹೋದವು. ಅನುಕೂಲಸ್ಥ ಬಿಳಿಯ ಕುಟುಂಬಗಳು ಹೊರವಲಯದ ಬಡಾವಣೆಗಳಿಗೆ ಸರಿದವು. ಹೋಗಲು ಶಕ್ತಿಯಿಲ್ಲದವರು, ಅವರಲ್ಲಿ ಬಹುಪಾಲು ಕರಿಯ ಕಾರ್ಮಿಕ ಕುಟುಂಬಗಳು, ನಗರದಲ್ಲೇ ಉಳಿದರು. ತೆರಿಗೆ ಕಟ್ಟುವವರು ಕಡಿಮೆಯಾದಂತೆ ಬೀದಿದೀಪ, ಬಸ್ಸು, ಶಾಲೆ ಎಲ್ಲವೂ ಸೊರಗಿದವು. 2013ರಲ್ಲಿ ಆ ನಗರಾಡಳಿತ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು.

ಅಷ್ಟು ದೂರದ ಮಾತೇಕೆ ಎನ್ನುವಿರಾದರೆ ನಮ್ಮ ಕೋಲಾರದ ಚಿನ್ನದ ಗಣಿಯನ್ನು ನೋಡಿರಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಊರಿಗೆ. 1951ರ ಗಣತಿಯಲ್ಲಿ ಅಲ್ಲಿ ಸುಮಾರು 1.59 ಲಕ್ಷ ಜನರಿದ್ದರು. ಹತ್ತೇ ವರ್ಷಗಳಲ್ಲಿ ಅದು ಸುಮಾರು 1.47 ಲಕ್ಷಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಆದರೂ ಊರು ಬರಿದಾಗಲಿಲ್ಲ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಅಲ್ಲಿನ ಸಾವಿರಾರು ಮಂದಿ ಬಂಗಾರಪೇಟೆಯ ಮಾರ್ಗವಾಗಿ ಬಂದು ವೈಟ್‌ಫೀಲ್ಡ್, ಕೃಷ್ಣರಾಜಪುರಗಳಲ್ಲಿ ಇಳಿಯುತ್ತಾರೆ, ರಾತ್ರಿ ಮರಳುತ್ತಾರೆ. ಗಣತಿಯ ಪುಸ್ತಕದಲ್ಲಿ ಅವರು ಕೆ.ಜಿ.ಎಫ್. ನಿವಾಸಿಗಳು, ಅವರ ಬೆವರು ಮಾತ್ರ ಬೆಂಗಳೂರಿನದು. ಇಳಿದ ಸಂಖ್ಯೆ ಒಂದು ಕಥೆಯನ್ನು ಹೇಳಿದರೆ ಇಳಿಯದ ಸಂಖ್ಯೆ ಇನ್ನೊಂದನ್ನು ಮುಚ್ಚಿಡುತ್ತದೆ.

ಇನ್ನು ನಮ್ಮ ಬೆಂಗಳೂರು. 2001ರಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 96 ಲಕ್ಷ ದಾಟಿತು. ಹತ್ತು ವರ್ಷಗಳಲ್ಲಿ ಶೇ. 47ರಷ್ಟು ಏರಿಕೆ! ಆದರೆ ಅದೇ ಅವಧಿಯಲ್ಲಿ ಹಳೆಯ ಪೇಟೆಯ ಹಲವು ವಾರ್ಡುಗಳಲ್ಲಿ ಜನಸಂಖ್ಯೆ ಇಳಿಯಿತು. ಇದೇ ಗಣತಿಯಲ್ಲಿ ಕೊಲ್ಕತ್ತಾ ಜಿಲ್ಲೆ 45.7 ಲಕ್ಷದಿಂದ 45 ಲಕ್ಷಕ್ಕೆ ಇಳಿಯಿತು. ಮುಂಬಯಿಯ ದ್ವೀಪ ಭಾಗದ ಜಿಲ್ಲೆ 33.4 ಲಕ್ಷದಿಂದ 30.9 ಲಕ್ಷಕ್ಕೆ ಕುಸಿಯಿತು. ಡೆಟ್ರಾಯಿಟ್ ಬರಿದಾದದ್ದು ದುಡಿಮೆ ಇಲ್ಲದ್ದರಿಂದ. ನಮ್ಮ ಪೇಟೆಗಳಲ್ಲಿ ದುಡಿಮೆಗೇನೂ ಬರವಿರಲಿಲ್ಲ. ಮನೆಯ ಬಾಡಿಗೆಗಿಂತ ಗೋದಾಮಿನ ಬಾಡಿಗೆ ಹೆಚ್ಚು ಬರತೊಡಗಿತು. ಅಣ್ಣತಮ್ಮಂದಿರ ಪಾಲಾದ ಮನೆ ಯಾರಿಗೂ ಸಾಲದಾಯಿತು. ಈ ಸಭೆಯಲ್ಲಿರುವ ಎಷ್ಟೋ ಕುಟುಂಬಗಳ ಹಿರಿಯರು ಕಲಾಸಿಪಾಳ್ಯದಲ್ಲೋ ಶಿವಾಜಿನಗರದಲ್ಲೋ ಹುಟ್ಟಿದವರು. ಅಂಗಡಿಯನ್ನು ಅಲ್ಲಿಯೇ ಬಿಟ್ಟು ಸಂಸಾರವನ್ನು ಮಾತ್ರ ಹೊರವಲಯಕ್ಕೆ ತಂದವರು ನಾವು.

ಈ ಹೊರವಲಯವನ್ನು ಕಟ್ಟಿದವರು ಯಾರು? 1970ರ ದಶಕದಲ್ಲಿ ಪೀಣ್ಯದ ಸಣ್ಣ ಕೈಗಾರಿಕೆಗಳು ಬೆಳೆದವು. ಅದೇ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ತಂತ್ರಜ್ಞಾನ ಪಾರ್ಕು ತಲೆಯೆತ್ತಿತು. ಗಾಜಿನ ಕಟ್ಟಡಗಳ ಹಿಂದೆ, ಲೇತು ಯಂತ್ರಗಳ ಸದ್ದಿನ ನಡುವೆ, ಉತ್ತರ ಕರ್ನಾಟಕದವರು, ಬಿಹಾರ, ಒಡಿಶಾ, ಬಂಗಾಳ, ಅಸ್ಸಾಮಿನವರು ಬಂದು ಸೇರಿದರು. ದುಡಿಮೆ ಬಂದಷ್ಟು ಬೇಗ ನೀರು ಬರಲಿಲ್ಲ. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳು ಬೆಂಗಳೂರು ಪಾಲಿಕೆಗೆ ಸೇರಿದವು. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಂದರೆ 17 ವರ್ಷಗಳ ಕಾಲ ಅಲ್ಲಿನ ತಾಯಂದಿರು ಕೊಳವೆಬಾವಿ ಮತ್ತು ಟ್ಯಾಂಕರನ್ನು ನಂಬಿ ಒಲೆ ಹೊತ್ತಿಸಿದರು.

ಎಣಿಕೆಗೂ ನೀರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲೇ ಇಲ್ಲ. ಆದ್ದರಿಂದ 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿ 369 ವಾರ್ಡುಗಳನ್ನು ರಚಿಸಿದಾಗಲೂ ಆಧಾರವಾದದ್ದು 2011ರ ಜನಸಂಖ್ಯೆಯೇ. 2013ರ ಆಹಾರ ಭದ್ರತಾ ಕಾಯ್ದೆಯ ಪಡಿತರದ ಮಿತಿ ನಿಗದಿಯಾದದ್ದೂ 2011ರ ಲೆಕ್ಕದಿಂದಲೇ. ಅಂದು ಹತ್ತು ಮನೆಗಳಿದ್ದ ಬೀದಿಯಲ್ಲಿ ಇಂದು ನೂರು ಸಂಸಾರಗಳಿದ್ದರೂ ಕಾಗದದ ಮೇಲೆ ಹತ್ತೇ ಮನೆಗಳು. ಅಕ್ಕಿ, ಅಂಗನವಾಡಿ, ಆಸ್ಪತ್ರೆ ಎಲ್ಲದರ ಯೋಜನೆಯೂ ಆ ಕಾಗದದಿಂದಲೇ ಹೊರಡುತ್ತದೆ. ಎಣಿಕೆಯಿಂದ ಹೊರಗುಳಿದವನು ಹಕ್ಕಿನಿಂದಲೂ ಹೊರಗುಳಿಯುತ್ತಾನೆ.

ಈ ಬಡಾವಣೆಗಳ ನಿಜವಾದ ಗಣತಿ ಒಮ್ಮೆ ನಮ್ಮ ಕಣ್ಣೆದುರೇ ನಡೆಯಿತು. 2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿರಿ. ಇಲ್ಲಿಗೆ ಸಮೀಪದ ಚಿಕ್ಕಬಾಣಾವರ ನಿಲ್ದಾಣದಿಂದ ಶ್ರಮಿಕ ರೈಲುಗಳು ಹೊರಟವು. ಕಟ್ಟಡ ನಿರ್ಮಾಣ ಉದ್ಯಮದವರೊಂದಿಗೆ ಅಂದಿನ ಮುಖ್ಯಮಂತ್ರಿಗಳು ಸಭೆ ನಡೆಸಿದ ಬಳಿಕ ಸರ್ಕಾರ ಆ ರೈಲುಗಳನ್ನು ನಿಲ್ಲಿಸಿತು. ದೇಶದೆಲ್ಲೆಡೆ ಟೀಕೆ ಕೇಳಿಬಂದ ಮೇಲೆ ಪುನಃ ಆರಂಭಿಸಿತು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು ಹೊತ್ತು ನಡೆದವರ ಸಾಲನ್ನು ಕಂಡಾಗಲೇ ನಮ್ಮಲ್ಲಿ ಅನೇಕರಿಗೆ ತಿಳಿದದ್ದು, ನಮ್ಮ ಬೀದಿಯಲ್ಲಿ ಇಷ್ಟೊಂದು ಜನರಿದ್ದರೆಂದು. ಇದ್ದಾಗ ಕಾಣದವರು ಹೋಗುವಾಗ ಕಂಡರು! ಇದಕ್ಕಿಂತ ನಾಚಿಕೆಯ ಸಂಗತಿ ಮತ್ತೇನಿದೆ?

ಬಂಧುಗಳೇ, ದೋಷವನ್ನು ಸರ್ಕಾರದ ಮೇಲೆ ಹೊರಿಸುವುದು ಸುಲಭ. ಸರ್ಕಾರದ ವೈಫಲ್ಯ ನಿಜವೇ. ಆದರೆ ನಮ್ಮ ಮನೆಯ ಮಹಡಿಯನ್ನು ಸ್ವಲ್ಪ ನೋಡಿಕೊಳ್ಳೋಣ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ಗುರುತಿಸಿದ್ದು ವಿದ್ಯುತ್ ಮೀಟರಿನ ಆಧಾರದಿಂದ. ನಾವು ಬಲ್ಲ ಒಂದು ಕಟ್ಟಡದಲ್ಲಿ ಒಂದು ಮೀಟರಿಗೆ ಆರು ಕೋಣೆಗಳಿವೆ. ಗಣತಿದಾರರು ಬಂದಾಗ ಮಾಲೀಕರು, ನಮ್ಮವರೇ, ತಮ್ಮ ಸಂಸಾರದ ವಿವರ ಬರೆಯಿಸಿ, ಮೇಲೆ ಯಾರೂ ಇಲ್ಲವೆಂದು ಹೇಳಿ ಕಳುಹಿಸಿದರು. ಬಾಡಿಗೆಯ ಲೆಕ್ಕ ಹೊರಬಂದೀತೆಂಬ ಭಯ. ಆ ಕೋಣೆಗಳಲ್ಲಿ ಹದಿನೆಂಟು ಹುಡುಗರು ಎರಡು ಪಾಳಿಯಲ್ಲಿ ದುಡಿದು, ಎರಡು ಪಾಳಿಯಲ್ಲಿ ಮಲಗುತ್ತಾರೆ. ತಿಂಗಳ ಮೊದಲ ವಾರ ಬಾಡಿಗೆ ಎಣಿಸಿಕೊಳ್ಳುವಾಗ ಒಂದು ತಲೆಯೂ ತಪ್ಪುವುದಿಲ್ಲ. ತಲೆಗಳನ್ನು ಎಣಿಸುವ ದಿನ ಮಾತ್ರ ಎಲ್ಲವೂ ಮಾಯ. ನಮ್ಮ ಸಮುದಾಯದ ಸಂಖ್ಯೆಯ ಬಗ್ಗೆ ಇತರರು ಸುಳ್ಳಾಡಿದಾಗ ಸಿಡಿಮಿಡಿಗೊಳ್ಳುವ ನಾವು, ನಮ್ಮದೇ ಮಹಡಿಯ ಬಗ್ಗೆ ಸುಳ್ಳಾಡಬಹುದೇ?

2027ರ ಜನಗಣತಿಗೆ ಮಾರ್ಚ್ 1ರ ಮಧ್ಯರಾತ್ರಿಯನ್ನು ಉಲ್ಲೇಖ ಕ್ಷಣವೆಂದು 2025ರ ಜೂನ್ ತಿಂಗಳಲ್ಲೇ ಘೋಷಿಸಲಾಗಿದೆ. ಜಾತಿಯ ವಿವರವೂ ಅದರಲ್ಲಿ ಸೇರಲಿದೆ. ನಮ್ಮ ಮನೆಗಳಲ್ಲಿ ಒಂದು ಭಯವಿದೆ, ಅದನ್ನು ಅಲ್ಲಗಳೆಯಲಾಗದು. 2019 ಮತ್ತು 2020ರ ದಿನಗಳ ಕಹಿ ಇನ್ನೂ ಮಾಸಿಲ್ಲ. ಆದರೆ ಜನಗಣತಿ ನಡೆಯುವುದು 1948ರ ಕಾಯ್ದೆಯಂತೆ. ಜನಸಂಖ್ಯಾ ನೋಂದಣಿ ಬರುವುದು ಪೌರತ್ವ ಕಾಯ್ದೆ ಮತ್ತು 2003ರ ನಿಯಮಗಳಡಿಯಲ್ಲಿ. ಎರಡೂ ಬೇರೆ ಬೇರೆ. ಜನಗಣತಿಯಲ್ಲಿ ದಾಖಲೆಪತ್ರ ತೋರಿಸಬೇಕಾಗಿಲ್ಲ. ಅಲ್ಲಿ ನೀಡಿದ ವಿವರಗಳು ಗೋಪ್ಯವೆಂದೂ ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಸಾಕ್ಷ್ಯವಾಗಲಾರವೆಂದೂ ಆ ಕಾಯ್ದೆಯ 15ನೇ ಕಲಮು ಹೇಳುತ್ತದೆ. ಮನೆಯ ಹೆಣ್ಣುಮಕ್ಕಳ ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲವೆಂದು 8ನೇ ಕಲಮಿನಲ್ಲಿದೆ. ಹೆಸರು ಹೇಳಲು ಸಂಕೋಚವಿದ್ದರೆ ಬೇಡ. ಆದರೆ ಆಕೆ ಇದ್ದಾಳೆ, ಓದಿದ್ದಾಳೆ, ಮನೆಯಲ್ಲಿ ಕುಳಿತೇ ಹೊಲಿಗೆಯಿಂದ ಸಂಪಾದಿಸುತ್ತಾಳೆ ಎಂಬುದನ್ನು ಮರೆಮಾಚಬೇಡಿರಿ. ಆಕೆಯ ದುಡಿಮೆ ಬರೆಯಿಸದಿದ್ದರೆ ಆಕೆ ದುಡಿಯುವುದೇ ಇಲ್ಲವೆಂದು ದೇಶ ತಿಳಿಯುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಕೆಲವರು ಊರಿನ ಮನೆಯಲ್ಲೂ ಇಲ್ಲಿಯೂ ಎರಡು ಕಡೆ ಹೆಸರು ಬರೆಯಿಸಿ ಸಂಖ್ಯೆ ಹೆಚ್ಚಲೆಂದು ಬಯಸುವುದುಂಟು. ಇದು ವಂಚನೆ. ಲೆಕ್ಕವೂ ಒಂದು ಅಮಾನತ್. ಯಾವ ಸೂರಿನಡಿ ವಾಸವೋ ಅಲ್ಲಿಯೇ, ಒಮ್ಮೆ ಮಾತ್ರ ಎಣಿಕೆಯಾಗಬೇಕು. ಹೆಚ್ಚಿಸಿ ಹೇಳಿದ ಸಂಖ್ಯೆ ದ್ವೇಷ ಬಿತ್ತುವವರ ಕೈಗೆ ಬೀಜವಾಗುತ್ತದೆ. ಕಡಿಮೆ ಹೇಳಿದ ಸಂಖ್ಯೆ ನಮ್ಮ ಮಕ್ಕಳ ಶಾಲೆಯನ್ನು ಕಸಿಯುತ್ತದೆ.

ಆದ್ದರಿಂದ ನಮ್ಮ ಬಿನ್ನಹ ಇಷ್ಟೇ. ಗಣತಿದಾರರು, ಹೆಚ್ಚಾಗಿ ಅವರು ಬಿಸಿಲಲ್ಲಿ ಅಲೆದು ಬಂದ ಶಾಲಾ ಶಿಕ್ಷಕರು, ನಿಮ್ಮ ಬಾಗಿಲಿಗೆ ಬಂದಾಗ ಮೊದಲು ಒಂದು ಲೋಟ ನೀರು ಕೊಡಿರಿ. ನಿಮ್ಮ ಸಂಸಾರದ ವಿವರ ಸತ್ಯವಾಗಿ ಬರೆಯಿಸಿರಿ. ಬಳಿಕ ಅವರನ್ನು ಮೆಟ್ಟಿಲು ಹತ್ತಿಸಿ ಮಹಡಿಗೆ ಕರೆದೊಯ್ಯಿರಿ. ಮೇಲಿನ ಕೋಣೆಯ ಹುಡುಗ ಯಾವ ಧರ್ಮದವನು, ಯಾವ ಭಾಷೆಯವನು ಎಂದು ನೋಡಬೇಡಿರಿ. ರಾತ್ರಿ ಪಾಳಿ ಮುಗಿಸಿ ಮಲಗಿದ್ದರೆ ಎಬ್ಬಿಸಿರಿ. ಅವನಿಗೆ ಕನ್ನಡ ಬಾರದಿದ್ದರೆ ಪಕ್ಕದಲ್ಲಿ ನಿಂತು ಅವನ ಮಾತನ್ನು ತಿಳಿಸಿ ಹೇಳಿರಿ. ಅವನ ಹೆಸರು ಬರೆದುಕೊಂಡಾದ ಮೇಲೆಯೇ ಗಣತಿದಾರರನ್ನು ಬೀಳ್ಕೊಡಿರಿ.