ನೆರಳನ್ನು ಓದುವ ಬಗೆ
(ಶಾಲೆಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ ಮಹಾಶಯರು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದುದರಿಂದ ಜೀವಂತ ಮನುಷ್ಯನ ಎದೆಯೊಳಗನ್ನು ನೋಡುವುದು ಸಾಧ್ಯವಾಯಿತು. ಗಾಳಿ ತುಂಬಿದ ಶ್ವಾಸಕೋಶವನ್ನು ಕಿರಣಗಳು ಸುಲಭವಾಗಿ ದಾಟುವುದರಿಂದ ಅದು ಚಿತ್ರದಲ್ಲಿ ಕಪ್ಪಾಗಿ ತೋರುವುದು. ರೋಗದಿಂದ ಗಟ್ಟಿಯಾದ ಭಾಗವು ಬೆಳ್ಳಗೆ ಕಾಣುವುದು.

ಚಿತ್ರ ತೆಗೆಯುವ ಕ್ರಮಗಳು ಹಲವು. ದೊಡ್ಡ ಫಿಲ್ಮಿನ ಚಿತ್ರ ಸ್ಪಷ್ಟ, ವೆಚ್ಚ ಅಧಿಕ. ಬ್ರೆಜಿಲಿನ ವೈದ್ಯರಾದ ಮನುವೆಲ್ ದೆ ಅಬ್ರೆವು ಅವರು 1936ರಲ್ಲಿ, ಹೊಳೆಯುವ ಪರದೆಯ ಮೇಲಣ ನೆರಳನ್ನು ಕಿರುಫಿಲ್ಮಿನಲ್ಲಿ ಹಿಡಿಯುವ ಅಗ್ಗದ ಕ್ರಮವನ್ನು ರೂಪಿಸಿದರು. ಭಾರತದ 1955–58ರ ಕ್ಷಯ ಸಮೀಕ್ಷೆಗೆ ಇದೇ ನೆರವಾಯಿತು. ಆದರೆ ಇದರಲ್ಲಿ ಚಿತ್ರ ಕಿರಿದು, ದೇಹಕ್ಕೆ ತಗಲುವ ಕಿರಣ ಹೆಚ್ಚು. ಇಂದಿನ ಡಿಜಿಟಲ್ ಯಂತ್ರವು ಫಿಲ್ಮು ತೊಳೆಯುವ ಕೆಲಸವಿಲ್ಲದೆ ಕ್ಷಣಮಾತ್ರದಲ್ಲಿ ಚಿತ್ರ ಕೊಡುವುದು. ಸಿ.ಟಿ. ಯಂತ್ರವು ಎದೆಯನ್ನು ಪದರಪದರವಾಗಿ ಬಿಡಿಸಿ, ಪಕ್ಕೆಲುಬು-ಹೃದಯಗಳ ಮರೆಯಲ್ಲಿರುವ ಕಲೆಯನ್ನೂ ತೋರಿಸುವುದು; ಆದರೆ ಸಾಮಾನ್ಯ ಚಿತ್ರಕ್ಕಿಂತ ಅನೇಕ ಪಟ್ಟು ಕಿರಣ ಬೇಡುವುದು. ಆದಕಾರಣ ಎಲ್ಲರಿಗೂ ಅದು ಬೇಕಿಲ್ಲ.

ಯಂತ್ರ ಯಾವುದಾದರೂ ಕಾಣಿಸುವುದು ನೆರಳನ್ನೇ. ವಾಸಿಯಾದ ಹಳೆಯ ಗಾಯ, ನ್ಯುಮೋನಿಯ, ಕ್ಷಯ ಇವೆಲ್ಲ ಒಂದೇ ಬಗೆಯಾಗಿ ತೋರಬಹುದು. ಕ್ಷಯವೆಂದು ನಿಶ್ಚಯಿಸಲು ಕಫಪರೀಕ್ಷೆ ಅಗತ್ಯ.

ಮದುವೆಯ ಮಾತು ಮುರಿದೀತೆಂದು ಮಗಳ ಕೆಮ್ಮನ್ನು ಮುಚ್ಚಿಡುವ ಮನೆಗಳನ್ನು ನಾವು ಬಲ್ಲೆವು. ಮುಚ್ಚಿಟ್ಟ ಕೆಮ್ಮು ಮನೆಮಂದಿಗೆಲ್ಲ ಹರಡೀತು. ಕೆಮ್ಮು ಎರಡು ವಾರ ಮೀರಿದರೆ ಪರೀಕ್ಷೆ ಮಾಡಿಸಿರಿ. ಚಿತ್ರದ ಕಲೆ ಕಂಡು ಎದೆಗುಂದದಿರಿ. ಕ್ಷಯವೇ ಆದರೂ ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಗುಣವಾಗುವುದು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ನಾಚಿಕೆಗೆ ಮಾತ್ರ ಔಷಧವಿಲ್ಲ. ಅದನ್ನು ನಾವೇ ಬಿಡಬೇಕು.