ಊರಿನ ನೀರು, ಊರಿನ ಕೊಳೆ



ದತ್ತಿ ಉಪನ್ಯಾಸವೆಂದರೆ ಕಾವ್ಯ, ದರ್ಶನ, ಇತಿಹಾಸಗಳಂಥ ವಿಷಯಗಳನ್ನು ಕುರಿತು ಮಾತನಾಡುವುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಆ ರೂಢಿಯ ಮೇಲೆ ನನಗೆ ಗೌರವವುಂಟು. ಆದರೂ ಇಂದು ನಾನು ಆರಿಸಿಕೊಂಡಿರುವುದು ಪುರಸಭೆಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವರ್ಷಕ್ಕೆ ಹಲವು ಬಾರಿ ಕಾಣಿಸಿಕೊಳ್ಳುವ ಎರಡು ಬಾಬುಗಳನ್ನು: ಕುಡಿಯುವ ನೀರು, ಮತ್ತು ಒಳಚರಂಡಿ. ಒಂದು ಊರಿನ ಜನ ತಮ್ಮ ಪ್ರತಿನಿಧಿಗಳ ಮೂಲಕ ಕೈಗೊಳ್ಳುವ ನಿರ್ಣಯಗಳಲ್ಲಿ ಮನೆಮನೆಯ ಬಚ್ಚಲಿನವರೆಗೆ ಹೋಗಿ ಮುಟ್ಟುವಂಥದು, ಮಕ್ಕಳ ಆರೋಗ್ಯವನ್ನೂ ಹೆಂಗಸರ ಹಗಲಿನ ಹೊತ್ತನ್ನೂ ಪೌರಕಾರ್ಮಿಕರ ಪ್ರಾಣವನ್ನೂ ಏಕಕಾಲದಲ್ಲಿ ನಿರ್ಧರಿಸುವಂಥದು, ಇವೆರಡಕ್ಕಿಂತ ಬೇರೆ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಮೊದಲ ಬಾಬಿಗೆ ಸಭೆಯಲ್ಲಿ ವಿರೋಧವೇ ಇರುವುದಿಲ್ಲ. ನೀರು ತರುವ ಯೋಜನೆಗೆ ಪಕ್ಷಭೇದವಿಲ್ಲದೆ ಕೈಗಳು ಏಳುತ್ತವೆ. ನೀರೆತ್ತುವ ಜಾಕ್‌ವೆಲ್ಲಿನ ಶಂಕುಸ್ಥಾಪನೆಗೆ ಮಂತ್ರಿಗಳು ಬರುತ್ತಾರೆ. ಮೇಲ್ಮಟ್ಟದ ಟ್ಯಾಂಕಿನ ಮೇಲೆ ಹೆಸರು ಬರೆಸಿಕೊಳ್ಳುವುದಕ್ಕೆ ಜಾಗವೂ ಇರುತ್ತದೆ. ಎರಡನೆಯ ಬಾಬು ಬಂದಾಗ ಸಭೆ ಮಂಕಾಗುತ್ತದೆ. ರಸ್ತೆ ಅಗೆಯಬೇಕು, ವರ್ತಕರು ದೂರುತ್ತಾರೆ, ಶುದ್ಧೀಕರಣ ಘಟಕಕ್ಕೆ ತಮ್ಮ ವಾರ್ಡಿನ ಬಳಿ ನೆಲ ಕೊಡುವುದಕ್ಕೆ ಯಾವ ಸದಸ್ಯನೂ ಒಪ್ಪುವುದಿಲ್ಲ. ಕೊನೆಗೆ ‘ಮುಂದಿನ ಸಭೆಯಲ್ಲಿ ಪರಿಶೀಲಿಸುವುದು’ ಎಂಬ ಷರಾದೊಂದಿಗೆ ಕಡತ ಮುಚ್ಚಿಕೊಳ್ಳುತ್ತದೆ. ಆದರೆ ನೀರು ಮುಂದಿನ ಸಭೆಯವರೆಗೆ ಕಾಯುವುದಿಲ್ಲ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಕೊಳೆಯಾಗಿ ಹೊರಬರುವುದೆಂಬುದು ಎಂಜಿನಿಯರುಗಳು ಒಪ್ಪಿರುವ ಲೆಕ್ಕ. 28 ಸಾವಿರ ಜನರಿರುವ ಒಂದು ಪಟ್ಟಣಕ್ಕೆ ತಲೆಗೆ ದಿನವೊಂದಕ್ಕೆ 135 ಲೀಟರಿನಂತೆ ನೀರೊದಗಿಸಿದರೆ ಸುಮಾರು 38 ಲಕ್ಷ ಲೀಟರ್ ನೀರು ಒಳಬಂದು, ಅದೇ ದಿನವೇ 30 ಲಕ್ಷ ಲೀಟರ್ ಕೊಳೆನೀರು ಹೊರಬೀಳುತ್ತದೆ. ಮೊದಲನೆಯದಕ್ಕೆ ನಿರ್ಣಯ ಮಾಡಿ ಎರಡನೆಯದಕ್ಕೆ ಮಾಡದಿದ್ದರೆ, ಆ 30 ಲಕ್ಷ ಲೀಟರನ್ನು ಊರಿನ ಅತ್ಯಂತ ತಗ್ಗಿನ ಕೇರಿಯ ಪಾಲಿಗೆ ಮಂಜೂರು ಮಾಡಿದಂತೆಯೇ ಸರಿ. ತಗ್ಗಿನ ಕೇರಿಯಲ್ಲಿ ಯಾರು ವಾಸಿಸುತ್ತಾರೆಂಬುದನ್ನು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನ ಇತಿಹಾಸದಲ್ಲಿಯೂ ನೀರು ಮುಂದಾಗಿ ಬಂದು ಕೊಳೆಯ ಚಿಂತೆ ಹಿಂದುಳಿದುದನ್ನು ಕಾಣಬಹುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಗಳಲ್ಲಿ ನೀರು ಬಂದಿತು. 1898ರಲ್ಲಿ ಪ್ಲೇಗು ಕಾಣಿಸಿಕೊಂಡ ಕಾಲದಲ್ಲಿ ಮಲ್ಲೇಶ್ವರ, ಬಸವನಗುಡಿಗಳೆಂಬ ಹೊಸ ಬಡಾವಣೆಗಳು ವಿಶಾಲವಾದ ಬೀದಿಗಳೊಡನೆ ರೂಪುಗೊಂಡುವು. ಆ ಬಡಾವಣೆಗಳಲ್ಲಿ ಮನೆಯ ಹಿತ್ತಿಲಿನ ಹಿಂದೆ ಇಂದಿಗೂ ಅಲ್ಲಲ್ಲಿ ಉಳಿದಿರುವ ಕಿರಿದಾದ ಓಣಿಗಳನ್ನು ನೋಡಿದವರಿಗೆ ನಾನು ಹೇಳುವ ಮಾತು ಕೂಡಲೇ ತಿಳಿದೀತು. ಎರಡು ಸಾಲು ಹಿತ್ತಿಲ ಗೋಡೆಗಳ ನಡುವೆ, ಒಬ್ಬ ಮನುಷ್ಯ ಬಕೆಟ್ಟು ಹಿಡಿದು ನಡೆಯುವಷ್ಟು ಅಗಲವಾಗಿ, ಬೀದಿಯ ಕಣ್ಣಿಗೆ ಬೀಳದಂತೆ ಹಾದುಹೋಗುವ ಆ ಓಣಿ, ಮಲವನ್ನು ಹೊತ್ತೊಯ್ಯುವವನು ಬಂದುಹೋಗುವುದಕ್ಕಾಗಿಯೇ ನಕ್ಷೆಯಲ್ಲಿ ಬರೆದ ದಾರಿಯಾಗಿದ್ದಿತು. ಅಂದಿನ ನಗರಯೋಜನೆ ಗಾಳಿ ಬೆಳಕುಗಳನ್ನು ಬಹು ಜಾಗರೂಕತೆಯಿಂದ ಲೆಕ್ಕಹಾಕಿತು. ಒಳಚರಂಡಿಯ ಕೆಲಸವನ್ನು ಮಾತ್ರ ಒಂದು ಜಾತಿಯ ತಲೆಯ ಮೇಲೆ ಹೊರಿಸಿತು. 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದುದು ಕರ್ನಾಟಕದ ಪೌರಾಡಳಿತದ ಚರಿತ್ರೆಯಲ್ಲಿ ಯಾವ ಅಣೆಕಟ್ಟಿಗೂ ಕಡಮೆಯಲ್ಲದ ಘಟನೆಯೆಂದು ನಾನು ಭಾವಿಸುತ್ತೇನೆ.

ಆದರೆ ನಿಷೇಧದಿಂದ ಕೊಳೆ ತಾನಾಗಿ ಕರಗಲಿಲ್ಲ. ಬಕೆಟ್ಟಿನ ಸ್ಥಾನಕ್ಕೆ ಪಿಟ್ಟು, ಎಂದರೆ ಶೌಚದ ಗುಂಡಿ, ಬಂದಿತು, ಸಾಧ್ಯವಾದ ಊರುಗಳಲ್ಲಿ ಒಳಚರಂಡಿ ಬಂದಿತು. ಇಲ್ಲಿಯೇ ಒಂದು ಸೂಕ್ಷ್ಮವಾದ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕಾಗಿದೆ. ಒಳಚರಂಡಿಯ ಕೊಳವೆಯೊಳಗೆ ಕೊಳೆಯನ್ನು ಸಾಗಿಸುವ ಶಕ್ತಿ ನೀರಿನ ಓಟವೊಂದೇ. ಆ ಓಟ ಸೆಕೆಂಡಿಗೆ ಸುಮಾರು 0.6 ಮೀಟರಿಗಿಂತ ಕಡಮೆಯಾದರೆ ಮರಳೂ ಮಲವೂ ತಳದಲ್ಲಿ ಕುಳಿತು ಗಟ್ಟಿಯಾಗತೊಡಗುತ್ತವೆ. ಆದುದರಿಂದಲೇ ಒಳಚರಂಡಿಯಿಲ್ಲದ ಪಟ್ಟಣಕ್ಕೆ ತಲೆಗೆ 70 ಲೀಟರ್ ಸಾಕೆಂದೂ, ಒಳಚರಂಡಿಯಿರುವ ಅಥವಾ ಸದ್ಯದಲ್ಲಿಯೇ ಆಗಲಿರುವ ಪಟ್ಟಣಕ್ಕೆ 135 ಲೀಟರ್ ಬೇಕೆಂದೂ ಕೇಂದ್ರ ಸರಕಾರದ 1999ರ ನೀರು ಸರಬರಾಜು ಕೈಪಿಡಿ ಪ್ರಮಾಣಗಳನ್ನು ಹಾಕಿದ್ದುದು. ನಾಲ್ಕು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ನಲ್ಲಿಯಲ್ಲಿ ನೀರು ಬಿಡುವ ಊರಿನಲ್ಲಿ, ದೊಡ್ಡ ಊರಿನ ಮಾದರಿಯನ್ನು ನೋಡಿ, ಸಾಲ ಮಾಡಿ ಒಳಚರಂಡಿ ಹಾಕಿಸಿದರೆ ಆಗುವುದೇನು? ಕೊಳವೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಕೊಳವೆಯನ್ನು ಬಿಡಿಸುವುದಕ್ಕೆ ಜೆಟ್ಟಿಂಗ್ ಯಂತ್ರ ಇರುವುದಿಲ್ಲ, ಇದ್ದರೂ ಕೆಟ್ಟು ನಿಂತಿರುತ್ತದೆ. ಮ್ಯಾನ್‌ಹೋಲಿನ ಮುಚ್ಚಳ ತೆರೆದು ಮನುಷ್ಯನನ್ನು ಇಳಿಸುತ್ತಾರೆ. ಮಲ ಬಳಿಯುವ ಕೆಲಸಕ್ಕೆ ಮನುಷ್ಯರನ್ನು ನೇಮಿಸುವುದರ ವಿರುದ್ಧ ಬಂದ 2013ರ ಕಾಯಿದೆ ಇದನ್ನು ನಿಷೇಧಿಸಿದೆ. ಹೀಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಆಜ್ಞಾಪಿಸಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತವನ್ನು ಏರಿಸಬೇಕಾಗಿ ಬಂದಿತೆಂಬುದರಿಂದಲೇ ಸಾವುಗಳು ನಿಂತಿಲ್ಲವೆಂಬುದು ಸ್ಪಷ್ಟ. ಇಂಥ ಸಾವನ್ನು ಗುತ್ತಿಗೆದಾರನ ಅಜಾಗರೂಕತೆಯೆಂದು ವರದಿಗಳು ಬರೆಯುತ್ತವೆ. ಆದರೆ ಅನೇಕ ವೇಳೆ ಆ ಸಾವಿನ ಬೀಜ ಹತ್ತು ವರ್ಷಗಳ ಹಿಂದೆ ಪುರಸಭೆಯ ಸಭಾಂಗಣದಲ್ಲಿ, ನೀರೆಷ್ಟು, ಕೊಳವೆಯ ಇಳಿಜಾರೆಷ್ಟು ಎಂದು ಯಾರೂ ಕೇಳದೆ ಅಂಗೀಕರಿಸಿದ ಅಂದಾಜುಪಟ್ಟಿಯಲ್ಲಿ ಇರುತ್ತದೆ.

ಹಾಗಾದರೆ ನೀರು ಸಾಲದ ಸಣ್ಣ ಊರು ಏನು ಮಾಡಬೇಕು? ಈ ಪ್ರಶ್ನೆಗೆ ದೇವನಹಳ್ಳಿಯ ಪುರಸಭೆ ಕೊಟ್ಟ ಉತ್ತರವನ್ನು ಕನ್ನಡಿಗರು ಚೆನ್ನಾಗಿ ತಿಳಿದುಕೊಳ್ಳಬೇಕು. ಕೋಟೆಯಿಂದಲೂ, ಟಿಪ್ಪು ಸುಲ್ತಾನನ ಜನ್ಮಸ್ಥಳವೆಂಬುದರಿಂದಲೂ ಪ್ರಸಿದ್ಧವಾಗಿದ್ದ ಈ ಊರು, 2008ರಲ್ಲಿ ಬೆಂಗಳೂರಿನ ವಿಮಾನನಿಲ್ದಾಣ ಹತ್ತಿರದಲ್ಲಿ ಆರಂಭವಾದ ಮೇಲೆ ಬೇರೆಯದೇ ಕಾರಣಕ್ಕೆ ಹೆಸರಾಯಿತು. 2011ರ ಜನಗಣತಿಯಲ್ಲಿ ಇಲ್ಲಿದ್ದವರು 28 ಸಾವಿರ ಜನ. ಹತ್ತಿರದಲ್ಲಿ ತುಂಬಿ ಹರಿಯುವ ನದಿಯಿಲ್ಲ, ಕೊಳವೆಬಾವಿಗಳೇ ಆಗ ಆಧಾರ, ಮನೆಗಳಲ್ಲಿ ಪಿಟ್ಟುಗಳು. ಪಿಟ್ಟು ತುಂಬಿದಾಗ ಟ್ಯಾಂಕರು ಬಂದು ಹೀರಿಕೊಂಡು ಹೋಗಿ, ಹೊಲದಲ್ಲಿಯೋ ಹಳ್ಳದಲ್ಲಿಯೋ ಸುರಿಯುವುದು ನಮ್ಮ ನೂರಾರು ಪಟ್ಟಣಗಳಲ್ಲಿರುವಂತೆಯೇ ನಡೆದುಬಂದ ಪದ್ಧತಿ. ಪುರಸಭೆ ತನ್ನ ಕೈಲಾಗದ ಒಳಚರಂಡಿಗಾಗಿ ಕಾಯುತ್ತ ಕೂರದೆ, ಒಂದು ತುಂಡು ನೆಲ ಕೊಟ್ಟು, ಸಿಡಿಡಿ ಸೊಸೈಟಿಯೆಂಬ ಸಂಸ್ಥೆಯ ನೆರವಿನಿಂದ, 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕವನ್ನು ಆರಂಭಿಸಿತು; ಒಂದು ಇಡೀ ಪಟ್ಟಣಕ್ಕಾಗಿ ಇಂಥದೊಂದು ಘಟಕ ಭಾರತದಲ್ಲಿ ನಡೆಯತೊಡಗಿದ್ದು ಅದೇ ಮೊದಲು.

ಅದರ ರಚನೆಯಲ್ಲಿ ಬೆರಗುಗೊಳಿಸುವಂಥ ಯಂತ್ರವೇನೂ ಇಲ್ಲ. ಟ್ಯಾಂಕರು ಬಂದು ತನ್ನ ದಪ್ಪನೆಯ ಪೈಪನ್ನು ತೊಟ್ಟಿಯ ಬಾಯಿಗೆ ಇಟ್ಟಾಗ, ಕಬ್ಬಿಣದ ಜಾಲರಿಯಲ್ಲಿ ಬಟ್ಟೆ, ಪ್ಲಾಸ್ಟಿಕ್ಕುಗಳು ಸಿಕ್ಕಿಕೊಳ್ಳುತ್ತವೆ. ಉಳಿದುದು ಗಾಳಿಯಿಲ್ಲದ ತೊಟ್ಟಿಗಳಲ್ಲಿ ಕೊಳೆತು ಶಾಂತವಾಗಿ, ಮರಳು ಜಲ್ಲಿ ಹಾಸಿದ ಒಣಗುಮಡಿಗಳ ಮೇಲೆ ಹರಡಿಕೊಳ್ಳುತ್ತದೆ. ನೀರು ಕೆಳಗೆ ಬಸಿದು, ಜಲ್ಲಿಯ ನಡುವೆ ಗಿಡ ನೆಟ್ಟ ಶೋಧಕದ ಮೂಲಕ ಹಾದು ತಿಳಿಯಾಗುತ್ತದೆ. ಮೇಲೆ ಉಳಿದ ಗಷ್ಟು ಬಿಸಿಲಿಗೆ ಒಣಗಿ ಬಿರುಕುಬಿಡುತ್ತದೆ. ಅದನ್ನು ಊರಿನ ಹಸಿಕಸದೊಡನೆ ಕೂಡಿಸಿ ಗೊಬ್ಬರ ಮಾಡುತ್ತಾರೆ. ಹೆಚ್ಚಿನ ಕೆಲಸ ಇಳಿಜಾರಿನಿಂದಲೂ ಬಿಸಿಲಿನಿಂದಲೂ ಆಗುವುದರಿಂದ ವಿದ್ಯುತ್ತಿನ ಬಿಲ್ಲಿನ ಹೊರೆಯಿಲ್ಲ. ದಿನಕ್ಕೆ 6 ಸಾವಿರ ಲೀಟರ್ ಇದರ ಸಾಮರ್ಥ್ಯ. ಬಚ್ಚಲು, ಅಡುಗೆಮನೆಗಳ ನೀರಿಗೆ ಇದರಲ್ಲಿ ಪರಿಹಾರವಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕೇಬೇಕು. ಆದರೆ ರೋಗವನ್ನು ಹೊತ್ತಿರುವ ಅತ್ಯಂತ ಅಪಾಯಕಾರಿಯಾದ ಭಾಗವನ್ನು, ತನ್ನ ಬೊಕ್ಕಸ ತಾಳುವ ವೆಚ್ಚದಲ್ಲಿ, ಒಂದು ಸಣ್ಣ ಊರು ತಾನೇ ನಿರ್ವಹಿಸಬಲ್ಲುದೆಂಬುದು ಇಲ್ಲಿ ಸಿದ್ಧವಾಯಿತು.

ಅದೇ ಊರಿನ ಸಿಹಿನೀರು ಕೆರೆಯ ವೃತ್ತಾಂತವೂ ಇಷ್ಟೇ ಮುಖ್ಯವಾದುದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳೆನೀರನ್ನು ಸಂಸ್ಕರಿಸಿ ಬೆಂಗಳೂರು ಗ್ರಾಮಾಂತರದ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುವ ಯೋಜನೆಯ ನೀರು ಈ ಕೆರೆಗೂ ಬಂದು, ನೆಲದೊಳಕ್ಕೆ ಇಂಗಿ, ಕೆರೆಯ ಬಳಿಯ ಹಳೆಯ ತೆರೆದ ಬಾವಿಗೆ ಮತ್ತೆ ಜೀವ ಕೊಟ್ಟಿತು. ಅಲ್ಲಿಂದ ಎತ್ತಿದ ನೀರನ್ನು ಪುನಃ ಶುದ್ಧೀಕರಿಸಿ ಊರಿನ ಸರಬರಾಜಿಗೆ ಸೇರಿಸುವ ಏರ್ಪಾಡಾಯಿತು. ಒಂದು ಮಹಾನಗರ ಬಳಸಿ ಬಿಟ್ಟ ನೀರು ನೆರೆಯ ಪಟ್ಟಣದ ನಲ್ಲಿಯನ್ನು ಸೇರುತ್ತಿರುವಾಗ, ನೀರಿನದು ಒಂದು ಖಾತೆ, ಕೊಳೆಯದು ಇನ್ನೊಂದು ಖಾತೆ ಎಂಬ ವಿಭಾಗಕ್ಕೆ ಯಾವ ಅರ್ಥ ಉಳಿಯಿತು?

ದುರದೃಷ್ಟವಶಾತ್ ಸರಕಾರದ ಹಣ ಇಂದಿಗೂ ಎರಡು ಥೈಲಿಗಳಲ್ಲಿಯೇ ಬರುತ್ತದೆ. 2021ರಲ್ಲಿ ಆರಂಭವಾದ, ಕೇಂದ್ರ ಸರಕಾರದ ಅಮೃತ್ ಯೋಜನೆಯ ಎರಡನೆಯ ಹಂತ ಎಲ್ಲ ಪಟ್ಟಣಗಳಿಗೂ ನಲ್ಲಿನೀರನ್ನು ವಾಗ್ದಾನ ಮಾಡಿ, ಒಂದು ಲಕ್ಷಕ್ಕಿಂತ ಕಡಮೆ ಜನರಿರುವ ಊರುಗಳಿಗೆ ಯೋಜನಾವೆಚ್ಚದ ಅರ್ಧವನ್ನು ಕೇಂದ್ರದಿಂದ ಕೊಡುತ್ತದೆ. ಒಳಚರಂಡಿಯ ಭಾಗವನ್ನು ಮಾತ್ರ ಮೊದಲ ಹಂತದ 500 ನಗರಗಳಿಗೆ ಮೀಸಲಿಟ್ಟು, ಸಣ್ಣ ಊರುಗಳ ಕೊಳೆನೀರನ್ನು ಸ್ವಚ್ಛ ಭಾರತ ಯೋಜನೆಗೆ ಬಿಟ್ಟಿದೆ. ಕಾಮಗಾರಿಯನ್ನು ಸಾಮಾನ್ಯವಾಗಿ 1975ರಲ್ಲಿ ಅಸ್ತಿತ್ವಕ್ಕೆ ಬಂದ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಸುತ್ತದೆ. ಮುಗಿದ ಮೇಲೆ ಪುರಸಭೆಗೆ ಹಸ್ತಾಂತರಿಸುತ್ತದೆ. ಸಂವಿಧಾನದ 74ನೆಯ ತಿದ್ದುಪಡಿ ನೀರು ಸರಬರಾಜನ್ನೂ ನೈರ್ಮಲ್ಯವನ್ನೂ ಹನ್ನೆರಡನೆಯ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳ ಕಾರ್ಯವೆಂದು ಹೆಸರಿಸಿದ್ದರೂ, ಯೋಜನೆಯನ್ನು ರೂಪಿಸುವ ಘಟ್ಟದಲ್ಲಿ ಸದಸ್ಯರ ಮಾತು ನಡೆಯುವುದು ಅಪೂರ್ವ. ಪಂಪು ಸುಟ್ಟಾಗ, ಬಿಲ್ಲು ಬಾಕಿಯಾದಾಗ, ಮ್ಯಾನ್‌ಹೋಲು ಉಕ್ಕಿದಾಗ ಮಾತ್ರ ಹೊಣೆ ಪೂರ್ತಿ ಅವರದು. ಯೋಜನೆಯ ಸಮಗ್ರ ವರದಿಯನ್ನು ಹಸ್ತಾಂತರದ ದಿನವಲ್ಲ, ಸಹಿ ಹಾಕುವ ಮುನ್ನವೇ ಓದುವ ಹಕ್ಕು ಅವರಿಗುಂಟು, ಅದನ್ನು ಅವರು ಚಲಾಯಿಸಬೇಕು.

ಈ ಸಭೆಯಲ್ಲಿ ಇಂದಿನ ಸದಸ್ಯರೂ ಇದ್ದೀರಿ, ನಾಳೆ ಆ ಪೀಠದಲ್ಲಿ ಕುಳಿತುಕೊಳ್ಳತಕ್ಕ ತರುಣರೂ ಇದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಇನ್ನು ಮೇಲೆ ನೀರಿನ ಯೋಜನೆಯೊಂದು ನಿಮ್ಮ ಮುಂದೆ ಬಂದಾಗ, ತಲೆಗೆ ಎಷ್ಟು ಲೀಟರ್ ಎಂಬುದರ ಕೆಳಗೇ, ಆ ನೀರು ಬಳಕೆಯಾದ ಮೇಲೆ ಯಾವ ಸರ್ವೆ ನಂಬರಿನ ನೆಲಕ್ಕೆ ಹೋಗುತ್ತದೆ, ಅಲ್ಲಿ ಅದನ್ನು ಶುದ್ಧಿಮಾಡುವುದಕ್ಕೆ ತಿಂಗಳಿಗೆ ಎಷ್ಟು ಹಣ ಬೇಕು, ಕಟ್ಟಿಕೊಂಡ ಕೊಳವೆಯನ್ನು ಬಿಡಿಸುವ ಯಂತ್ರ ಎಲ್ಲಿದೆ ಎಂಬುದನ್ನು ಅದೇ ನಿರ್ಣಯದಲ್ಲಿ ಬರೆಯಿಸಿರಿ. ಬರೆದುಕೊಡುವವರೆಗೆ ಆ ಯೋಜನೆಗೆ ಕೈಯೆತ್ತಬೇಡಿರಿ.