ಪಾವತಿಗೆ ಮುನ್ನ ಪರಿಶೀಲನೆ: ಗ್ರಾಮ ಪಂಚಾಯಿತಿ ಸಮಿತಿಗಳ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯಿತಿಯ ಕೆಲಸ ಎರಡು ಬಗೆಯದು. ಒಂದು, ಕೆಲಸವನ್ನು ಮಾಡಿಸುವುದು. ಇನ್ನೊಂದು, ಮಾಡಿಸಿದ ಕೆಲಸ ಸರಿಯಾಗಿದೆಯೇ ಎಂದು ನೋಡುವುದು. ಮೊದಲನೆಯದಕ್ಕೆ ಊರಿನ ಮೆಚ್ಚುಗೆ ದೊರೆಯುತ್ತದೆ. ಎರಡನೆಯದಕ್ಕೆ ಮೆಚ್ಚುಗೆ ವಿರಳ, ಕೆಲವೊಮ್ಮೆ ಮನಸ್ತಾಪವೇ ಹೆಚ್ಚು. ಆದುದರಿಂದಲೇ ಪರಿಶೀಲನೆಯ ಕಾರ್ಯವನ್ನು ವ್ಯಕ್ತಿಗಳ ಇಚ್ಛೆಗೆ ಬಿಡದೆ ಕಾನೂನು ಸಮಿತಿಗಳಿಗೆ ವಹಿಸಿದೆ.

ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಲ್ಲೇ ಜಾರಿಗೆ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯು ತನ್ನ 61ನೇ ಪ್ರಕರಣದಲ್ಲಿ ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ ಮತ್ತು ಸೌಕರ್ಯ ಸಮಿತಿ ಎಂಬ ಮೂರು ಸ್ಥಾಯಿ ಸಮಿತಿಗಳನ್ನು ರೂಪಿಸಿತು. ಪ್ರತಿ ಸಮಿತಿಯಲ್ಲಿ 3ರಿಂದ 5 ಸದಸ್ಯರು. ಆಗ ಮೊದಲ ಹಾಗೂ ಮೂರನೆಯ ಸಮಿತಿಗೆ ಪಂಚಾಯಿತಿಯ ಅಧ್ಯಕ್ಷರೇ ಮುಖ್ಯಸ್ಥರಾಗಿದ್ದರು. ಸಾಮಾಜಿಕ ನ್ಯಾಯ ಸಮಿತಿಗೆ ಉಪಾಧ್ಯಕ್ಷರಿದ್ದರು. ಸಮಿತಿಗಳ ಹೆಸರು ಯಾವುದೇ ಇರಲಿ, ಈ ರಚನೆಯಲ್ಲಿ ಒಂದು ಸೂಕ್ಷ್ಮವಿದೆ. ಕೆಲಸ ಮಾಡಿಸುವವರ ಅಧ್ಯಕ್ಷತೆಯಲ್ಲಿಯೇ ಆ ಕೆಲಸದ ಪರಿಶೀಲನೆಯೂ ನಡೆಯಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ 2000ದ ಸ್ಥಳೀಯ ಸರ್ಕಾರಗಳ ಕಾಯ್ದೆಯು ಬೇರೆ ಮಾರ್ಗ ಹಿಡಿಯಿತು. ಅಲ್ಲಿ ಆಡಳಿತ ನಡೆಸುವ ಕಾರ್ಯಕಾರಿ ಮಂಡಳಿಯ ಸದಸ್ಯರು ಪರಿಶೀಲನಾ ಸಮಿತಿಯಲ್ಲಿ ಇರುವಂತಿಲ್ಲ. ನಮ್ಮ ವ್ಯವಸ್ಥೆಯಲ್ಲಿ ಅಂತಹ ಗೋಡೆ ಇಲ್ಲದಿರುವುದರಿಂದ, ಸಮಿತಿಯ ಸಾಮಾನ್ಯ ಸದಸ್ಯರ ಪ್ರಶ್ನೆಗೆ ಇಲ್ಲಿ ಹೆಚ್ಚಿನ ತೂಕವಿದೆ. ಅವರು ಮೌನವಾಗಿದ್ದರೆ ಸಮಿತಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಹಣ ಪಾವತಿಯಾದ ಮೇಲೆ ನೋಡುವ ವ್ಯವಸ್ಥೆಗಳು ಹಲವಿವೆ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯ ತಪಾಸಣೆಯಿದೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಜಮಾಬಂದಿ ನಡೆಯುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಪ್ರಕರಣವು ಸಾಮಾಜಿಕ ಪರಿಶೋಧನೆಯ ಅಧಿಕಾರವನ್ನು ಗ್ರಾಮಸಭೆಯ ಕೈಗೇ ನೀಡಿತು. ಇವೆಲ್ಲವೂ ಅಗತ್ಯವೇ. ಆದರೆ ಇವು ದೋಷವನ್ನು ಕಾಣುವ ಹೊತ್ತಿಗೆ ಗುತ್ತಿಗೆದಾರರಿಗೆ ಹಣ ಸಂದಿರುತ್ತದೆ, ರಸ್ತೆ ಬಿರುಕು ಬಿಟ್ಟಿರುತ್ತದೆ. ಆಮೇಲೆ ಉಳಿಯುವುದು ಆಕ್ಷೇಪಣೆ, ವಸೂಲಾತಿ ಮತ್ತು ವರ್ಷಗಟ್ಟಲೆ ಪತ್ರವ್ಯವಹಾರ. ಪಾವತಿಗೆ ಮೊದಲು ನೋಡಬಲ್ಲವರು ಊರಿನಲ್ಲಿಯೇ ಇರುವ ಸಮಿತಿಯ ಸದಸ್ಯರು.

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳು ಹಾಗೂ ವಾಡಿ, ಶಹಾಬಾದ್ ಪಟ್ಟಣಗಳ ಸುತ್ತಲಿನ ಗ್ರಾಮಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಇದು ಸುಣ್ಣಕಲ್ಲಿನ ನಾಡು. ಆದಿತ್ಯನಗರದಿಂದ ವಾಡಿಯವರೆಗೆ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದಿನ ಹಾಸುಗಲ್ಲು ದೇಶದ ಹಲವೆಡೆ ಮನೆಗಳ ನೆಲವಾಗಿದೆ. ಕಲ್ಲು ಮತ್ತು ಸಿಮೆಂಟಿನ ಗುಣ ಬಲ್ಲ ಕಾರ್ಮಿಕರು, ಗೌಂಡಿಗಳು ಅನೇಕ ಊರುಗಳಲ್ಲಿದ್ದಾರೆ. ಕಾಂಕ್ರೀಟ್ ಹಾಕಿದ ಮೇಲೆ ಎಷ್ಟು ದಿನ ನೀರುಣಿಸಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ಹಾರುಬೂದಿ ಮುಂತಾದವು ಬೆರೆತ ಸಿಮೆಂಟಿಗೆ 10 ದಿನ. ಒಂದು ಓಣಿಯ ಸಿ.ಸಿ. ರಸ್ತೆಗೆ ಮೂರನೆಯ ದಿನವೇ ನೀರು ನಿಂತಿತೆಂದರೆ, ಅದನ್ನು ಮೊದಲು ಕಾಣುವವರು ಆ ಓಣಿಯ ಜನ. ಅವರು ಕಂಡದ್ದನ್ನು ಸಭೆಗೆ ತರುವುದು ಸದಸ್ಯರ ಕೆಲಸ.

ಇದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ, ಕ್ರಮವೊಂದು ಬೇಕು. ಮೊದಲನೆಯದಾಗಿ, ಕಾಮಗಾರಿಯ ಅಂದಾಜುಪಟ್ಟಿಯ ಪ್ರತಿಯನ್ನು ಕೆಲಸ ಆರಂಭವಾಗುವ ಮೊದಲೇ ಓದಬೇಕು: ಉದ್ದ, ಅಗಲ, ದಪ್ಪ, ಮೊತ್ತ. ಎರಡನೆಯದಾಗಿ, ಕೆಲಸ ನಡೆಯುತ್ತಿರುವಾಗ ಒಮ್ಮೆ, ಮುಗಿದಾಗ ಒಮ್ಮೆ ಸ್ಥಳಕ್ಕೆ ಹೋಗಬೇಕು. ಒಬ್ಬರೇ ಹೋಗದೆ ಸಮಿತಿಯಾಗಿ ಹೋಗಬೇಕು. ಮೂರನೆಯದಾಗಿ, ಅಳತೆ ಪುಸ್ತಕದಲ್ಲಿ ಬರೆದಿರುವುದನ್ನು ನೆಲದ ಮೇಲಿರುವುದರೊಂದಿಗೆ ಹೋಲಿಸಬೇಕು. ನಾಲ್ಕನೆಯದಾಗಿ, ಕಂಡದ್ದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಕೊನೆಯದಾಗಿ, ಮುಂದಿನ ಸಭೆಯಲ್ಲಿ ಪಾಲನಾ ವರದಿಯನ್ನು ಕೇಳಬೇಕು.

ಇವುಗಳಲ್ಲಿ ನಾಲ್ಕನೆಯದೇ ಹೆಚ್ಚಾಗಿ ತಪ್ಪಿಹೋಗುವಂಥದ್ದು. ಸಭೆಯಲ್ಲಿ ಗಟ್ಟಿಯಾಗಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಡಾವಳಿಯಲ್ಲಿ ಬರೆದ ಒಂದು ಸಾಲು ಲೆಕ್ಕಪರಿಶೋಧಕರ ಕಣ್ಣಿಗೂ ಬೀಳುತ್ತದೆ, ಜಮಾಬಂದಿಗೂ ಆಧಾರವಾಗುತ್ತದೆ. ಸಹಿ ಮಾಡುವ ಮೊದಲು ನಡಾವಳಿಯನ್ನು ಓದಿಸಿ ಕೇಳುವುದು ಸದಸ್ಯರ ಹಕ್ಕು. ಓದು ಬಾರದ ಸದಸ್ಯರಿಗೆ ಅದನ್ನು ಓದಿ ಹೇಳುವುದು ಸಭೆಯ ಕರ್ತವ್ಯ. ಮಹಿಳಾ ಸದಸ್ಯರ ಪರವಾಗಿ ಮನೆಯವರು ಬಂದು ಕುಳಿತರೆ ಈ ಹಕ್ಕು ಅಲ್ಲಿಗೇ ಮುಗಿಯುತ್ತದೆ.

ಪರಿಶೀಲನೆ ರಸ್ತೆ, ಚರಂಡಿಗಳಿಗೆ ಸೀಮಿತವಲ್ಲ. ತೆರಿಗೆಯ ಬೇಡಿಕೆ, ವಸೂಲಿ ಮತ್ತು ಬಾಕಿಯ ಪಟ್ಟಿಯಲ್ಲಿ ಬಡವರ ಮನೆಯ ಬಾಕಿಯಷ್ಟೇ ದೊಡ್ಡ ಕಟ್ಟಡಗಳ ಬಾಕಿಯೂ ಕಾಣುತ್ತಿದೆಯೇ? ಅಂಗವಿಕಲರಿಗೆ ಮೀಸಲಾದ ಶೇ 5ರಷ್ಟು ಹಣ ಅವರಿಗೇ ತಲುಪಿದೆಯೇ? ಜಲ ಜೀವನ್ ಮಿಷನ್ ನಿಗದಿಪಡಿಸಿದಂತೆ ತಲಾ 55 ಲೀಟರ್ ನೀರು ಊರಿನ ಕೊನೆಯ ನಲ್ಲಿಗೆ ಬೇಸಿಗೆಯಲ್ಲಿಯೂ ಬರುತ್ತಿದೆಯೇ? ನಲ್ಲಿ ಕೂರಿಸಿದ್ದಕ್ಕೆ ಛಾಯಾಚಿತ್ರ ಸಾಕ್ಷಿಯಾಗಬಹುದು; ನೀರು ಬಂದದ್ದಕ್ಕೆ ಕೊಡವೇ ಸಾಕ್ಷಿ.

ಪ್ರಶ್ನೆ ಕೇಳುವುದು ದೂರು ಹೇಳುವುದಲ್ಲ. ಒಂದೇ ಊರಿನಲ್ಲಿ ಬಾಳುವವರ ನಡುವೆ ಪ್ರಶ್ನೆ ಬೇಗ ಹಗೆತನದ ಬಣ್ಣ ಪಡೆಯುತ್ತದೆ. ಹಾಗಾಗದಂತೆ ಪ್ರಶ್ನೆಯು ವ್ಯಕ್ತಿಯನ್ನು ಬಿಟ್ಟು ಕಾಗದವನ್ನು, ಅಳತೆಯನ್ನು, ದಿನಾಂಕವನ್ನು ಹಿಡಿಯಬೇಕು. ಎಲ್ಲ ಕಾಮಗಾರಿಗೂ ಒಂದೇ ಕ್ರಮ ಅನ್ವಯಿಸಿದರೆ ಯಾರೂ ತಮ್ಮನ್ನೇ ಗುರಿ ಮಾಡಿದರೆಂದು ಹೇಳುವಂತಿಲ್ಲ. ನೇರವಾಗಿ ಕೆಲಸ ಮಾಡುವ ಅಧ್ಯಕ್ಷರಿಗೂ ಅಭಿವೃದ್ಧಿ ಅಧಿಕಾರಿಗಳಿಗೂ ಇದೇ ರಕ್ಷಣೆ. ಪಾವತಿಗೆ ಅವರು ಜಂಟಿ ಸಹಿ ಹಾಕುವಾಗ ಸಮಿತಿಯ ಸ್ಥಳ ಪರಿಶೀಲನೆಯ ಟಿಪ್ಪಣಿ ಕಡತದಲ್ಲಿದ್ದರೆ, ಮುಂದೆ ಬರುವ ಆಕ್ಷೇಪಣೆಗೆ ಉತ್ತರ ಅಲ್ಲಿಯೇ ಇರುತ್ತದೆ.

ಆದುದರಿಂದ ಪ್ರತಿಯೊಂದು ಪಂಚಾಯಿತಿಯೂ ತನ್ನ ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯ ಕೈಗೊಳ್ಳುವುದು ಸೂಕ್ತ: ಸಂಬಂಧಿಸಿದ ಸಮಿತಿಯ ಸದಸ್ಯರು ಸ್ಥಳ ನೋಡಿ ಬರೆದ ಟಿಪ್ಪಣಿಯಿಲ್ಲದೆ ಯಾವ ಕಾಮಗಾರಿಯ ಅಂತಿಮ ಬಿಲ್ಲನ್ನೂ ಸಭೆಯ ಮುಂದೆ ಮಂಡಿಸತಕ್ಕದ್ದಲ್ಲ. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಒಂದು ಅಳತೆ ಪಟ್ಟಿ, ಒಂದು ನಡಾವಳಿ ಪುಸ್ತಕ ಮತ್ತು ಅರ್ಧ ದಿನದ ಬಿಡುವು ಸಾಕು.